ಮೀನುಗಳ ಥ್ರಾಂಬೊಸೈಟ್

ಥ್ರಾಂಬೊಸೈಟ್‌ಗಳು ಮೀನುಗಳ ರಕ್ತದಲ್ಲಿ ಕಂಡುಬರುವ, ಕೋಶಕೇಂದ್ರವುಳ್ಳ ಸಣ್ಣ ಜೀವಕೋಶಗಳು. ಗಾಯವಾದಾಗ ರಕ್ತವು ಹೆಪ್ಪುಗಟ್ಟುವಂತೆ ಮಾಡಿ ರಕ್ತಸ್ರಾವವನ್ನು ತಡೆಯುವುದು ಇವುಗಳ ಮುಖ್ಯ ಕಾರ್ಯ. ಮನುಷ್ಯನ ರಕ್ತದಲ್ಲಿ ಈ ಕೆಲಸವನ್ನು ಕಿರುತಟ್ಟೆಗಳು ಅಥವಾ ಪ್ಲೇಟ್‌ಲೆಟ್‌ಗಳು ನಿರ್ವಹಿಸುತ್ತವೆ. ಮೀನುಗಳ ಥ್ರಾಂಬೊಸೈಟ್‌ಗಳು ಇದರ ಜೊತೆಗೆ ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲಬಲ್ಲವು. ಆದ್ದರಿಂದ ಇವುಗಳನ್ನು ರೋಗನಿರೋಧಕ ವ್ಯವಸ್ಥೆಯ ಭಾಗವೆಂದೂ ಪರಿಗಣಿಸಲಾಗುತ್ತದೆ. ಗ್ರೀಕ್ ಭಾಷೆಯಲ್ಲಿ ‘ಥ್ರಾಂಬಾಸ್’ ಎಂದರೆ ಹೆಪ್ಪು ಅಥವಾ ಗರಣೆ. ಈ ಕೋಶಗಳ ಹೆಸರು ಆ ಪದದಿಂದ ಬಂದಿದೆ.

ಕಿರುತಟ್ಟೆಗೂ ಥ್ರಾಂಬೊಸೈಟಿಗೂ ಇರುವ ವ್ಯತ್ಯಾಸ

ಇಟಲಿಯ ವಿಜ್ಞಾನಿ ಜೂಲಿಯೊ ಬಿಜೊಜೆರೊ 1882ರಲ್ಲಿ ಕಿರುತಟ್ಟೆಗಳನ್ನು ವಿವರಿಸಿ, ರಕ್ತ ಹೆಪ್ಪುಗಟ್ಟುವುದರಲ್ಲಿ ಅವುಗಳ ಪಾತ್ರವನ್ನು ತೋರಿಸಿಕೊಟ್ಟನು. ಸಸ್ತನಿಗಳ ಕಿರುತಟ್ಟೆಗಳು ಪೂರ್ಣ ಜೀವಕೋಶಗಳಲ್ಲ. ಅಸ್ಥಿಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ಕೋಶಗಳಿಂದ ಕಳಚಿಕೊಂಡ ತುಣುಕುಗಳಾದ ಕಾರಣ ಅವುಗಳಿಗೆ ಕೋಶಕೇಂದ್ರವಿರುವುದಿಲ್ಲ. ಮೀನು, ಉಭಯವಾಸಿ, ಸರೀಸೃಪ ಹಾಗೂ ಪಕ್ಷಿಗಳಲ್ಲಿ ಇವುಗಳ ಸ್ಥಾನದಲ್ಲಿ ಕೋಶಕೇಂದ್ರವುಳ್ಳ ಪೂರ್ಣ ಜೀವಕೋಶಗಳೇ ಇರುತ್ತವೆ. ಇವೇ ಥ್ರಾಂಬೊಸೈಟ್‌ಗಳು.

ರಚನೆ ಮತ್ತು ಉತ್ಪತ್ತಿ

ಥ್ರಾಂಬೊಸೈಟ್‌ಗಳು ಕದಿರಿನಂತೆ ಎರಡೂ ತುದಿಗಳಲ್ಲಿ ಚೂಪಾಗಿ, ಮೊಟ್ಟೆಯಾಕಾರದಲ್ಲಿ ಅಥವಾ ದುಂಡಗೆ ಕಾಣುತ್ತವೆ. ಕೋಶಕೇಂದ್ರವು ದಟ್ಟವಾಗಿದ್ದು, ಸುತ್ತಲಿನ ಕೋಶದ್ರವ್ಯವು ಕಡಿಮೆ ಇರುತ್ತದೆ. ದುಂಡಗಿನ ಥ್ರಾಂಬೊಸೈಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಫೊಸೈಟ್ ಎಂಬ ಬಿಳಿ ರಕ್ತಕಣವೆಂದು ತಪ್ಪಾಗಿ ಎಣಿಸುವ ಸಂಭವವಿದೆ. ಮೀನಿನ ಕೆಂಪು ರಕ್ತಕಣಗಳಿಗೂ ಕೋಶಕೇಂದ್ರವಿರುವುದರಿಂದ, ಮನುಷ್ಯನ ರಕ್ತವನ್ನು ಎಣಿಸುವ ಯಂತ್ರಗಳನ್ನು ಹಾಗೆಯೇ ಮೀನಿನ ರಕ್ತಕ್ಕೆ ಬಳಸಲಾಗುವುದಿಲ್ಲ.

ಮೀನಿನ ಮೂಳೆಗಳಲ್ಲಿ ರಕ್ತವನ್ನು ತಯಾರಿಸುವ ಮಜ್ಜೆಯಿಲ್ಲ. ಮೂಳೆಮೀನುಗಳಲ್ಲಿ ಈ ಕಾರ್ಯವು ಮುಖ್ಯವಾಗಿ ಮೂತ್ರಪಿಂಡದಲ್ಲಿ, ಅದರಲ್ಲೂ ತಲೆಯ ಕಡೆಗಿರುವ ಅದರ ಮುಂಭಾಗದಲ್ಲಿ ನಡೆಯುತ್ತದೆ. ಮನುಷ್ಯನಲ್ಲಿ ಕಿರುತಟ್ಟೆಗಳ ಉತ್ಪತ್ತಿಯನ್ನು ನಿಯಂತ್ರಿಸುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನು ಜೀಬ್ರಾ ಮೀನಿನಲ್ಲಿಯೂ ಥ್ರಾಂಬೊಸೈಟ್‌ಗಳ ಉತ್ಪತ್ತಿಗೆ ಬೇಕಾಗುತ್ತದೆ.

ರಕ್ತ ಹೆಪ್ಪುಗಟ್ಟುವ ಕ್ರಮ

ರಕ್ತನಾಳವು ಹರಿದಾಗ ಅದರ ಗೋಡೆಯೊಳಗಿನ ಕೊಲಾಜೆನ್ ಎಂಬ ಪ್ರೋಟೀನು ರಕ್ತಕ್ಕೆ ತೆರೆದುಕೊಳ್ಳುತ್ತದೆ. ಹರಿಯುತ್ತಿರುವ ಥ್ರಾಂಬೊಸೈಟ್‌ಗಳು ಅಲ್ಲಿಗೆ ಅಂಟಿಕೊಂಡು, ಆಕಾರವನ್ನು ಬದಲಿಸಿ, ಒಂದಕ್ಕೊಂದು ಕೂಡಿ ಬಿರಡೆಯಂತೆ ರಂಧ್ರವನ್ನು ಮುಚ್ಚುತ್ತವೆ. ಇದೇ ವೇಳೆಗೆ ಥ್ರಾಂಬಿನ್ ಎಂಬ ಕಿಣ್ವವು ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ ಪ್ರೋಟೀನನ್ನು ಫೈಬ್ರಿನ್ ಎಳೆಗಳನ್ನಾಗಿ ಪರಿವರ್ತಿಸುತ್ತದೆ. ಈ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗರಣೆ ಗಟ್ಟಿಯಾಗುತ್ತದೆ. ಮನುಷ್ಯನಲ್ಲಿ ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ 12ನೆಯ ಅಂಶವೆಂಬ ಪ್ರೋಟೀನು ಮೂಳೆಮೀನುಗಳಲ್ಲಿ ಇಲ್ಲದಿದ್ದರೂ ಅವುಗಳ ರಕ್ತ ಬೇಗನೆ ಹೆಪ್ಪುಗಟ್ಟುತ್ತದೆ. ಪರೀಕ್ಷೆಗಾಗಿ ಮೀನಿನ ರಕ್ತವನ್ನು ತೆಗೆಯುವಾಗ ಹೆಪಾರಿನ್‌ನಂತಹ ಹೆಪ್ಪುರೋಧಕವನ್ನು ಬಳಸುವುದು ಇದೇ ಕಾರಣಕ್ಕಾಗಿ.

ರೋಗನಿರೋಧಕ ಪಾತ್ರ

ನೆಲದ ಮೇಲಿನ ಪ್ರಾಣಿಗಳ ಗಾಯವು ಗಾಳಿಗೆ ಒಣಗಿ ಹಕ್ಕಳೆ ಕಟ್ಟುತ್ತದೆ. ಮೀನಿಗೆ ಆ ಅನುಕೂಲವಿಲ್ಲ. ಅದರ ಗಾಯವು ಸದಾ ನೀರಿನಲ್ಲಿಯೇ ಇರುತ್ತದೆ, ಆ ನೀರಿನಲ್ಲಿ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಇರುತ್ತವೆ. ಸಿಹಿನೀರಿನ ಮೀನುಗಳಲ್ಲಿ ಗಾಯದ ಮೂಲಕ ನೀರು ಒಳಹೊಕ್ಕು ದೇಹದ ಲವಣಗಳು ಹೊರಹೋಗುವ ಅಪಾಯವೂ ಇದೆ. ಹೀಗಾಗಿ ಗಾಯವನ್ನು ಮುಚ್ಚುವುದು ಮತ್ತು ರೋಗಾಣುಗಳನ್ನು ತಡೆಯುವುದು ಮೀನಿನ ಮಟ್ಟಿಗೆ ಒಂದೇ ಸ್ಥಳದಲ್ಲಿ, ಒಂದೇ ವೇಳೆಯಲ್ಲಿ ಆಗಬೇಕಾದ ಕೆಲಸಗಳು. ಗಾಯದ ಸ್ಥಳಕ್ಕೆ ಮೊದಲು ತಲುಪುವ ಕೋಶಗಳಲ್ಲಿ ಥ್ರಾಂಬೊಸೈಟ್‌ಗಳೂ ಸೇರಿವೆ.

ಈ ಕೋಶಗಳು ರೋಗಾಣುಗಳನ್ನು ನಿಜವಾಗಿಯೂ ನುಂಗುತ್ತವೆಯೇ ಎಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಸಾಮಾನ್ಯ ಗೆಂಡೆ ಮೀನಿನ ಥ್ರಾಂಬೊಸೈಟ್‌ಗಳು 0.5ರಿಂದ 3 ಮೈಕ್ರೊಮೀಟರ್ ಗಾತ್ರದ ಲ್ಯಾಟೆಕ್ಸ್ ಮಣಿಗಳನ್ನೂ ಜೀವಂತ ಬ್ಯಾಕ್ಟೀರಿಯಾಗಳನ್ನೂ ನುಂಗುವುದನ್ನು, ನುಂಗಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದನ್ನು ತೋರಿಸಿತು. ಗೆಂಡೆಯ ರಕ್ತದಲ್ಲಿರುವ ಭಕ್ಷಕ ಕೋಶಗಳ ಪೈಕಿ ಸುಮಾರು ಅರ್ಧದಷ್ಟು ಥ್ರಾಂಬೊಸೈಟ್‌ಗಳೇ ಆಗಿದ್ದವು. ರಕ್ತಸಾರದ ಪ್ರೋಟೀನುಗಳು ಅಂಟಿಕೊಂಡಿರುವ ಕಣಗಳನ್ನು ಅವು ಹೆಚ್ಚು ಸಮರ್ಥವಾಗಿ ನುಂಗಿದವು. ಒಂದು ಚಪ್ಪಟೆ ಮೀನಿನಲ್ಲಿ ಮತ್ತು ಆಫ್ರಿಕದ ಒಂದು ಜಾತಿಯ ಕಪ್ಪೆಯಲ್ಲಿಯೂ ಇದೇ ಸಾಮರ್ಥ್ಯ ಕಂಡುಬಂದಿತು.

ಒಂದೇ ಬಗೆಯ ಕೋಶವು ಎರಡೂ ಕಾರ್ಯಗಳನ್ನು ಮಾಡುವುದು ಪ್ರಾಣಿಲೋಕದಲ್ಲಿ ಅಪೂರ್ವವೇನಲ್ಲ. ಕುದುರೆಲಾಳದ ಏಡಿಯ ರಕ್ತಕೋಶಗಳು ಬ್ಯಾಕ್ಟೀರಿಯಾದ ವಿಷಾಂಶವು ಸೋಂಕಿದೊಡನೆ ಸುತ್ತಲೂ ಹೆಪ್ಪನ್ನು ಉಂಟುಮಾಡಿ ಅದನ್ನು ಬಂಧಿಸುತ್ತವೆ. ಮನುಷ್ಯನ ಕಿರುತಟ್ಟೆಗಳು ಕೂಡ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಬಿಳಿ ರಕ್ತಕಣಗಳಿಗೆ ಸಂಕೇತ ನೀಡುವ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇದು ಪೂರ್ವಜ ಕಶೇರುಕಗಳ ಕೋಶಗಳಿಂದ ಉಳಿದುಬಂದ ಗುಣವಾಗಿರಬಹುದೆಂಬ ಅಭಿಪ್ರಾಯವಿದೆ.

ಅಧ್ಯಯನದ ಮಹತ್ವ

ಜೀಬ್ರಾ ಮೀನಿನ ಥ್ರಾಂಬೊಸೈಟ್‌ಗಳನ್ನು ಪಿ. ಜಗದೀಶ್ವರನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಗುರುತಿಸಿ ವಿವರಿಸಿದರು. ಈ ಮೀನಿನ ಮರಿಗಳು ಪಾರದರ್ಶಕವಾಗಿರುವುದರಿಂದ, ಹಸಿರು ಬೆಳಕು ಬೀರುವಂತೆ ಮಾರ್ಪಡಿಸಿದ ಥ್ರಾಂಬೊಸೈಟ್‌ಗಳು ರಕ್ತನಾಳದಲ್ಲಿ ಸಾಗುವುದನ್ನೂ ಗಾಯದ ಬಳಿ ಕೂಡುವುದನ್ನೂ ನೇರವಾಗಿ ನೋಡಬಹುದು. ಮನುಷ್ಯನ ರಕ್ತಸ್ರಾವ ರೋಗಗಳ ಸಂಶೋಧನೆಗೂ ಇದು ನೆರವಾಗಿದೆ.

ಮೀನು ಸಾಕಾಣಿಕೆಯಲ್ಲಿಯೂ ಈ ತಿಳಿವಳಿಕೆ ಉಪಯುಕ್ತ. ಬಲೆ ಎಳೆಯುವಾಗ, ಸಾಗಿಸುವಾಗ, ಕಿರಿದಾದ ಜಾಗದಲ್ಲಿ ಹೆಚ್ಚು ಮೀನುಗಳನ್ನು ಇಟ್ಟಾಗ ಲೋಳೆಯ ಹೊದಿಕೆಯೂ ಹುರುಪೆಗಳೂ ಕಿತ್ತು ಗಾಯಗಳಾಗುತ್ತವೆ. ಅಂತಹ ಗಾಯಗಳ ಮೂಲಕ ಸೋಂಕು ಹರಡುತ್ತದೆ. ಥ್ರಾಂಬೊಸೈಟ್‌ಗಳನ್ನು ಲಿಂಫೊಸೈಟ್‌ಗಳೆಂದು ಎಣಿಸಿದರೆ ಮೀನಿನ ಆರೋಗ್ಯದ ಬಗೆಗಿನ ತೀರ್ಮಾನವೇ ತಪ್ಪಾಗುವುದರಿಂದ, ರಕ್ತಪರೀಕ್ಷೆಯಲ್ಲಿ ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಅಗತ್ಯ. ಮೀನುಗಳಲ್ಲಿ 30,000ಕ್ಕೂ ಹೆಚ್ಚು ಜಾತಿಗಳಿವೆ. ಆದ್ದರಿಂದ ಒಂದು ಜಾತಿಯಲ್ಲಿ ದೊರೆತ ಎಣಿಕೆಯನ್ನು ಮತ್ತೊಂದಕ್ಕೆ ನೇರವಾಗಿ ಅನ್ವಯಿಸುವಂತಿಲ್ಲ.