ನಿಮಗಿದು ಗೊತ್ತೆ? ಆದಾಯದಲ್ಲಿ ಮುಂದೆ, ಆರೋಗ್ಯದಲ್ಲಿ ಹಿಂದೆ

ತಲಾ ಆದಾಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ ನೆರೆಯ ಕೇರಳಕ್ಕಿಂತ ಮುಂದಿದೆ. ಆದರೆ ಬದುಕಿನ ಗುಣಮಟ್ಟವನ್ನು ಅಳೆದರೆ ಚಿತ್ರ ತಿರುವುಮುರುವಾಗುತ್ತದೆ.

ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2020ರಲ್ಲಿ ಕರ್ನಾಟಕದಲ್ಲಿ ಜೀವಂತ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 19 ಶಿಶುಗಳು ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ ತೀರಿಕೊಂಡವು. ಕೇರಳದಲ್ಲಿ ಈ ಸಂಖ್ಯೆ 6. ಎರಡು ರಾಜ್ಯಗಳ ನಡುವಿನ ಎಲ್ಲ ಅಂತರಗಳಲ್ಲಿ ಅತ್ಯಂತ ನೋವಿನದು ಇದೇ. ಏಕೆಂದರೆ ಈ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದು: ಓದು ಬಲ್ಲ ತಾಯಿ, ಸಮಯಕ್ಕೆ ಸರಿಯಾದ ಲಸಿಕೆ, ಹತ್ತಿರದಲ್ಲೇ ಕೆಲಸ ಮಾಡುವ ಆರೋಗ್ಯ ಕೇಂದ್ರ ಇದ್ದರೆ ಸಾಕು.

ಕೇರಳದ ಈ ಸಾಧನೆ ಒಂದೆರಡು ಸರ್ಕಾರಗಳದ್ದಲ್ಲ. ಶಿಕ್ಷಣದ ವೆಚ್ಚವನ್ನು ರಾಜ್ಯವೇ ಭರಿಸಬೇಕೆಂದು ಇಂದಿನ ಕೇರಳದಲ್ಲಿ ಸೇರಿರುವ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲೇ ಆದೇಶಿಸಿದ್ದರು. 2011ರ ಜನಗಣತಿಯಲ್ಲಿ ಮಹಿಳಾ ಸಾಕ್ಷರತೆ ಅಲ್ಲಿ ಶೇ 92, ನಮ್ಮಲ್ಲಿ ಶೇ 68.

ನೀತಿ ಆಯೋಗದ 2023ರ ವರದಿಯಲ್ಲಿ ಬಹು ಆಯಾಮದ ಬಡತನ ಕೇರಳದಲ್ಲಿ ಶೇ 0.55, ಕರ್ನಾಟಕದಲ್ಲಿ ಶೇ 7.58. ಹಾಗೆಂದು ಕೇರಳದಲ್ಲಿ ಎಲ್ಲವೂ ಸುಗಮವಲ್ಲ. ಓದಿದ ಯುವಜನರ ನಿರುದ್ಯೋಗ ಅಲ್ಲಿ ತೀವ್ರ. ಕೆಲಸ ಅರಸಿ ಕೊಲ್ಲಿ ದೇಶಗಳಿಗೆ ಹೋಗುವವರು, ಬೆಂಗಳೂರಿಗೆ ಬರುವವರು ಅಪಾರ.

ಕರ್ನಾಟಕದೊಳಗಿನ ಅಂತರವೂ ಸಣ್ಣದಲ್ಲ. 2011ರಲ್ಲಿ ಕೇರಳದ ಗಡಿಗೆ ಹೊಂದಿಕೊಂಡ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿತ್ತು. ಯಾದಗಿರಿಯದು ಶೇ 52ರ ಆಸುಪಾಸಿನಲ್ಲಿತ್ತು.