ಲಾರಾ ಕ್ರಾಫ್ಟ್ ಎಡವಿದ್ದೆಲ್ಲಿ?

ವಿಡಿಯೋ ಗೇಮ್‌ಗಳ ಲೋಕದಲ್ಲಿ ಸೋಲಿಗೆ ಬರವಿಲ್ಲ. ಪ್ರತಿ ವರ್ಷ ಸಾವಿರಾರು ಆಟಗಳು ಬರುತ್ತವೆ. ಬಹುಪಾಲು ಆಟಗಳು ಯಾರ ಗಮನಕ್ಕೂ ಬಾರದೆ ಮರೆಯಾಗುತ್ತವೆ. ಆದರೆ 2003ರ ಜೂನ್‌ನಲ್ಲಿ ಬಿಡುಗಡೆಯಾದ 'ಟೂಂಬ್ ರೇಡರ್: ದಿ ಏಂಜೆಲ್ ಆಫ್ ಡಾರ್ಕ್‌ನೆಸ್' ಕಂಡ ಸೋಲು ಎರಡು ದಶಕಗಳ ನಂತರವೂ ಅಭಿಮಾನಿಗಳ ಮನಸ್ಸಿನಿಂದ ಮಾಸಿಲ್ಲ. ಸರಣಿಯನ್ನು ಹುಟ್ಟುಹಾಕಿದ ಸಂಸ್ಥೆಯೇ ಅದನ್ನು ಕಳೆದುಕೊಳ್ಳುವಂತೆ ಮಾಡಿದ ಆಟವಿದು.

ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಬೆರಳೆಣಿಕೆಯ ಮಂದಿ ಸೇರಿ ರೂಪಿಸಿದ ಮೊದಲ 'ಟೂಂಬ್ ರೇಡರ್' 1996ರಲ್ಲಿ ಮಾರುಕಟ್ಟೆಗೆ ಬಂತು. ಹಳೆಯ ಗೋರಿ, ಗುಹೆ, ದೇಗುಲಗಳಿಗೆ ಒಬ್ಬಳೇ ನುಗ್ಗಿ ನಿಧಿ ಹುಡುಕುವ ಲಾರಾ ಕ್ರಾಫ್ಟ್ ಅದರ ನಾಯಕಿ. ಟೋಬಿ ಗಾರ್ಡ್ ಎಂಬ ಯುವ ವಿನ್ಯಾಸಕಾರ ಸೃಷ್ಟಿಸಿದ ಈ ಪಾತ್ರ ಕೆಲವೇ ತಿಂಗಳುಗಳಲ್ಲಿ ಸಿನಿಮಾ ತಾರೆಯರಿಗೆ ಸಮನಾದ ಜನಪ್ರಿಯತೆ ಗಳಿಸಿತು. 1998ರಲ್ಲಿ ಬಂದ ಮೂರನೇ ಆಟದ ಸಾಹಸ ಆರಂಭವಾಗುವುದೇ ಭಾರತದ ಕಾಡಿನಲ್ಲಿ.

ಚೌಕದ ಲೆಕ್ಕ

ಈ ಜನಪ್ರಿಯತೆಗೆ ನಾಯಕಿಯ ರೂಪವೊಂದೇ ಕಾರಣವಲ್ಲ. ಆಟದ ಗುಹೆ, ಕಂದಕ, ಗೋಡೆಗಳೆಲ್ಲ ಒಂದೇ ಅಳತೆಯ ಚೌಕಗಳಿಂದ ಕಟ್ಟಿದಂಥವು. ಲಾರಾ ನಿಂತಲ್ಲಿಂದ ಜಿಗಿದರೆ ಒಂದು ಚೌಕದ ಅಂತರ ದಾಟುತ್ತಾಳೆ; ಓಡಿ ಬಂದು ಜಿಗಿದರೆ ಎರಡು. ಓಡಿ ಜಿಗಿದು ಎದುರಿನ ಅಂಚನ್ನು ಕೈಯಿಂದ ಹಿಡಿದರೆ ಮೂರು. ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುವ ಮಕ್ಕಳಿಗೆ ಮನೆಗಳ ಅಳತೆ ಕಾಲಿಗೇ ಗೊತ್ತಿರುವಂತೆ, ಆಟಗಾರರಿಗೆ ಈ ಲೆಕ್ಕ ಬೆರಳಿಗೇ ಗೊತ್ತಾಗುತ್ತಿತ್ತು. ಬಿದ್ದು ಸತ್ತರೆ ಅದು ತನ್ನದೇ ತಪ್ಪು ಎಂದು ಒಪ್ಪಿ, ಆಟಗಾರ ಮತ್ತೆ ಪ್ರಯತ್ನಿಸುತ್ತಿದ್ದ. ಆಟ ಮತ್ತು ಆಟಗಾರನ ನಡುವಿನ ನಂಬಿಕೆಗೆ ಇದೇ ಬುನಾದಿ.

ಆದರೆ ಗೆಲುವೇ ಕೋರ್ ಸಂಸ್ಥೆಗೆ ಹೊರೆಯಾಯಿತು. 1996ರಿಂದ 2000ದವರೆಗೆ ಐದು ವರ್ಷಗಳಲ್ಲಿ ಐದು ಆಟಗಳು ಬಂದವು. ಪ್ರಕಾಶಕ ಸಂಸ್ಥೆ ಐಡಾಸ್‌ಗೆ ಪ್ರತಿ ಕ್ರಿಸ್‌ಮಸ್‌ಗೂ ಒಂದು ಹೊಸ ಲಾರಾ ಬೇಕಿತ್ತು. ಹೊಲವನ್ನು ಒಂದು ವರ್ಷವೂ ಬೀಳು ಬಿಡದೆ ಅದೇ ಬೆಳೆ ತೆಗೆದಂತೆ ಆಯಿತು. ದಣಿದ ತಂಡ 1999ರ 'ದಿ ಲಾಸ್ಟ್ ರೆವೆಲೇಶನ್' ಆಟದ ಕೊನೆಯಲ್ಲಿ ಲಾರಾಳನ್ನು ಈಜಿಪ್ಟಿನಲ್ಲಿ ಕುಸಿದು ಬೀಳುವ ಕಟ್ಟಡದಡಿ ಹೂತುಹಾಕಿತು. ಅಲ್ಲಿಗೂ ಬಿಡುಗಡೆ ಸಿಗಲಿಲ್ಲ. ಮರುವರ್ಷವೇ ಆಕೆಯ ಹಳೆಯ ಸಾಹಸಗಳನ್ನು ನೆನಪಿಸಿಕೊಳ್ಳುವ ನೆಪದಲ್ಲಿ 'ಕ್ರಾನಿಕಲ್ಸ್' ಹೊರಬಂತು.

ಅಷ್ಟರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಯಂತ್ರ ಮಾರುಕಟ್ಟೆಗೆ ಬಂದಿತ್ತು. ಹೊಸ ಯಂತ್ರಕ್ಕೆ ತಕ್ಕಂತೆ ಎಲ್ಲವನ್ನೂ ತಳಪಾಯದಿಂದ ಕಟ್ಟಬೇಕಿತ್ತು. ಪ್ಯಾರಿಸ್ ಮತ್ತು ಪ್ರಾಗ್ ನಗರಗಳಲ್ಲಿ ನಡೆಯುವ ಕತೆ, ಕೊಲೆಯ ಆರೋಪ ಹೊತ್ತು ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಲಾರಾ, ಆಕೆಯ ಜೊತೆಗೆ ಕರ್ಟಿಸ್ ಟ್ರೆಂಟ್ ಎಂಬ ಎರಡನೇ ನಾಯಕ, ಮುಂದಿನ ಭಾಗಗಳಿಗೂ ಹರಡುವ ಕಥಾನಕ, ಹೀಗೆ ಯೋಜನೆ ಬೆಳೆಯುತ್ತಲೇ ಹೋಯಿತು. ಮೂಗಿಗಿಂತ ಮೂಗುತಿ ಭಾರವಾಯಿತು. ಬಿಡುಗಡೆಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ ಕತೆಯ ತುಂಡುಗಳನ್ನು ಕತ್ತರಿಸಿ, ದೋಷಗಳನ್ನು ಪೂರ್ತಿ ತಿದ್ದದೆಯೇ ಆಟವನ್ನು ಅಂಗಡಿಗೆ ಕಳಿಸಲಾಯಿತು. 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ರಸ್ತೆ ಬದಿಯ ಫಲಕ ಕಂಪ್ಯೂಟರ್ ಲೋಕಕ್ಕೂ ಸಲ್ಲುತ್ತದೆ.

ಬೆರಳಿಗಾದ ದ್ರೋಹ

ಏಳು ವರ್ಷ ಲಾರಾಳನ್ನು ಆಡಿಸಿದ ಬೆರಳುಗಳಿಗೆ ಮೊದಲ ಕೆಲವು ನಿಮಿಷಗಳಲ್ಲೇ ಏನೋ ಎಡವಟ್ಟಾಗಿದೆ ಎಂಬುದು ಗೊತ್ತಾಯಿತು. ಹಳೆಯ ಚೌಕದ ಲೆಕ್ಕ ಹೋಗಿತ್ತು. ಅದರ ಜಾಗಕ್ಕೆ ನಂಬಬಹುದಾದ ಹೊಸ ಲೆಕ್ಕ ಬಂದಿರಲಿಲ್ಲ. ಗುಂಡಿ ಒತ್ತಿದರೆ ಲಾರಾ ತಡವಾಗಿ ಹೆಜ್ಜೆ ಇಡುತ್ತಿದ್ದಳು, ಭಾರವಾಗಿ ತಿರುಗುತ್ತಿದ್ದಳು. ಈಗ ಬಿದ್ದರೆ ತಪ್ಪು ತನ್ನದೋ ಆಟದ್ದೋ ಎಂದು ಆಟಗಾರನಿಗೆ ತಿಳಿಯುತ್ತಿರಲಿಲ್ಲ.

ಆಕೆಗೆ ಕಸುವು ಹೆಚ್ಚಿಸುವ ವಿಚಿತ್ರ ಏರ್ಪಾಡೊಂದಿತ್ತು. ಅಡ್ಡಿಯೊಂದರ ಮುಂದೆ ನಿಂತ ಲಾರಾ ತನಗೆ ಅಷ್ಟು ಬಲವಿಲ್ಲ ಎನ್ನುತ್ತಾಳೆ. ಹತ್ತಿರದಲ್ಲೇ ಇರುವ ಪೆಟ್ಟಿಗೆಯನ್ನು ತಳ್ಳುವಂಥ ಸಣ್ಣ ಕೆಲಸ ಮಾಡಿಸಿದರೆ ಬಲ ಬಂತು ಎಂದು ಘೋಷಿಸಿ, ಮೊದಲು ಆಗದ್ದನ್ನು ಮಾಡಿ ಮುಗಿಸುತ್ತಾಳೆ. ಹಿಮಾಲಯ, ಈಜಿಪ್ಟ್‌ಗಳನ್ನು ದಾಟಿ ಬಂದ ಸಾಹಸಿಗೆ ಇಂಥ ಸ್ಥಿತಿಯೇ ಎಂದು ಅಭಿಮಾನಿಗಳು ನಕ್ಕರು; ನಕ್ಕವರೇ ನೊಂದುಕೊಂಡರು. ಕರ್ಟಿಸ್‌ನ ಚಲನೆಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಗೋರಿಗಳಲ್ಲಿ ಓಡಾಡಬೇಕಾದ ಆಟದ ದೊಡ್ಡ ಪಾಲು ಪ್ಯಾರಿಸಿನ ಹಿತ್ತಿಲ ಗಲ್ಲಿಗಳಲ್ಲೇ ಕಳೆದುಹೋಗಿತ್ತು.

ಆದರೂ ಆಟದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಲೂವ್ರ್ ವಸ್ತುಸಂಗ್ರಹಾಲಯದ ಅಡಿಯಲ್ಲಿ ತೆರೆದುಕೊಳ್ಳುವ ಪುರಾತನ ಸಮಾಧಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಸಂಗೀತ, ಸರಣಿಯಲ್ಲಿ ಅದುವರೆಗೆ ಇಲ್ಲದ ಗಾಢ ವಿಷಾದದ ಕತೆ ಇವೆಲ್ಲ ಒಳ್ಳೆಯ ಆಟವೊಂದು ಇಲ್ಲೇ ಎಲ್ಲೋ ಅಡಗಿದೆ ಎಂದು ಸೂಚಿಸುತ್ತಿದ್ದವು. ಅಭಿಮಾನಿಗಳ ಸಂಕಟ ಹೆಚ್ಚಿಸಿದ್ದೂ ಇದೇ. ಪೂರಾ ಕೆಟ್ಟದ್ದನ್ನು ಮರೆಯಬಹುದು. ಅರ್ಧ ಬೆಂದ ಒಳ್ಳೆಯ ಅಡುಗೆಯನ್ನು ಮರೆಯುವುದು ಕಷ್ಟ.

ಪರಿಣಾಮ ಘೋರವಾಗಿತ್ತು. ಅದೇ ವರ್ಷ ಜುಲೈನಲ್ಲಿ ತೆರೆಕಂಡ, ಏಂಜಲಿನಾ ಜೋಲಿ ನಟನೆಯ ಎರಡನೇ ಚಿತ್ರ ನಿರೀಕ್ಷೆಯಷ್ಟು ಗಳಿಸದಿದ್ದಾಗ ಪ್ಯಾರಾಮೌಂಟ್ ಸಂಸ್ಥೆ ಬೊಟ್ಟು ಮಾಡಿದ್ದು ಈ ಆಟದ ಕಡೆಗೆ. ಐಡಾಸ್ ಸರಣಿಯನ್ನು ಕೋರ್‌ನಿಂದ ಕಿತ್ತು ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಡೈನಮಿಕ್ಸ್‌ಗೆ ಒಪ್ಪಿಸಿತು. 1997ರಲ್ಲೇ ಕೋರ್ ಬಿಟ್ಟಿದ್ದ ಟೋಬಿ ಗಾರ್ಡ್ ಅಲ್ಲಿ ಮತ್ತೆ ಲಾರಾಳಿಗೆ ರೂಪ ಕೊಡಲು ನೆರವಾದರು. 2006ರಲ್ಲಿ ಬಂದ 'ಲೆಜೆಂಡ್' ಸರಣಿಯ ಮಾನ ಉಳಿಸಿತು. ಅದೇ ವರ್ಷ ಕೋರ್‌ನ ಸಿಬ್ಬಂದಿ ರೆಬೆಲಿಯನ್ ಎಂಬ ಬೇರೊಂದು ಸಂಸ್ಥೆಯ ಪಾಲಾದರು. ಆತುರಪಡಿಸಿದವರ ಕೈಯಲ್ಲೇ ಸರಣಿ ಉಳಿಯಿತು. ಹಗಲಿರುಳು ದುಡಿದವರು ಅದನ್ನು ಕಳೆದುಕೊಂಡರು. 2010ರಲ್ಲಿ ಡರ್ಬಿಯ ಹೊಸ ರಸ್ತೆಯೊಂದಕ್ಕೆ ನಾಗರಿಕರು ಮತ ಹಾಕಿ ಲಾರಾ ಕ್ರಾಫ್ಟ್ ಹೆಸರಿಟ್ಟಾಗ, ಆ ಊರಿನಲ್ಲಿ ಲಾರಾಳ ಹೊಸ ಆಟಗಳು ತಯಾರಾಗುತ್ತಿರಲಿಲ್ಲ.

2025ರ ಫೆಬ್ರುವರಿಯಲ್ಲಿ ಆಸ್ಪೈರ್ ಸಂಸ್ಥೆ ನಾಲ್ಕರಿಂದ ಆರನೆಯವರೆಗಿನ ಆಟಗಳನ್ನು ನವೀಕರಿಸಿ ಹೊರತಂದಿತು. 'ಏಂಜೆಲ್ ಆಫ್ ಡಾರ್ಕ್‌ನೆಸ್'ನ ಚಲನೆಯನ್ನು ತಿದ್ದಿ, ಅಂದು ಕತ್ತರಿಸಿದ್ದ ಕೆಲವು ಭಾಗಗಳನ್ನು ಮರಳಿ ಸೇರಿಸಲಾಯಿತು. ಬಯ್ದ ಆಟವನ್ನೇ ಇಪ್ಪತ್ತೆರಡು ವರ್ಷಗಳ ನಂತರ ರಿಪೇರಿ ಮಾಡಿಸಿಕೊಂಡು ಆಡುವಷ್ಟು ಅಭಿಮಾನಿಗಳು ಉಳಿದಿದ್ದರು. ಸರಣಿಯೊಂದಕ್ಕೆ ಜನ ಕೊಡುವುದು ಹಣವನ್ನಷ್ಟೇ ಅಲ್ಲ, ವರ್ಷಗಳ ಅಭ್ಯಾಸವನ್ನೂ ನಂಬಿಕೆಯನ್ನೂ ಕೊಡುತ್ತಾರೆ. ಅದಕ್ಕೆ ಧಕ್ಕೆ ಬಂದಾಗ ಹುಟ್ಟುವ ಸಿಟ್ಟಿನಲ್ಲಿ ಪ್ರೀತಿಯ ಪಾಲೇ ದೊಡ್ಡದು.