ಒಂದೇ ತಂತಿಯ ಸಿಂಥಸೈಜರ್

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ನುಡಿಸುವ ಚೌಡಿಕೆಗೆ ತಂತಿ ಒಂದೇ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸಿಂಥಸೈಜರ್ ಕಟ್ಟಲು ಕೂತವರ ಮೊದಲ ಕೆಲಸವೂ ಇಷ್ಟೇ: ಒಂದು ಸ್ವರ ಹುಟ್ಟಿಸಿ, ಅದನ್ನು ಏರಿಸಿ ಇಳಿಸುವುದು. ಕಿತ್ತೂರು ಉತ್ಸವದ ವೇದಿಕೆಯಲ್ಲಿ ಕಾಣುವಂಥ ಕೀಬೋರ್ಡಿನ ನೂರೆಂಟು ದನಿಗಳು ಆಮೇಲಿನ ಮಾತು.

ಮುಖ್ಯ ಸಾಮಾನು 555 ಎಂಬ ಎಂಟು ಕಾಲಿನ ಐಸಿ. 1971ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಝಿಂಡ್ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ ಇದು ಇವತ್ತಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ. ಉಳಿದದ್ದು ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಟಿವಿ ರಿಪೇರಿಯವರ ಡಬ್ಬಿಯಲ್ಲಿ ಇರುವಂಥದ್ದೇ. 4 ಮತ್ತು 8ನೇ ಕಾಲು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ, 1ನೇದು ಮೈನಸ್‌ಗೆ. 8 ಮತ್ತು 7ರ ನಡುವೆ 1 ಕಿಲೋ ಓಮ್ ರೆಸಿಸ್ಟರ್, 7 ಮತ್ತು 6ರ ನಡುವೆ 27 ಕಿಲೋ ಓಮ್. 6ಕ್ಕೆ 2ನ್ನು ಕೂಡಿಸಿ, ಅಲ್ಲಿಂದ ಮೈನಸ್‌ಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. 3ನೇ ಕಾಲಿನಿಂದ 100 ಓಮ್ ರೆಸಿಸ್ಟರ್ ಮತ್ತು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ದಾಟಿಸಿ ಸ್ಪೀಕರ್‌ಗೆ. ಸ್ಪೀಕರಿನ ಇನ್ನೊಂದು ತುದಿ ಮೈನಸ್‌ಗೆ.

ಚಿಕ್ಕ ಕೆಪಾಸಿಟರ್ 6 ವೋಲ್ಟ್‌ವರೆಗೆ ತುಂಬಿದೊಡನೆ ಐಸಿ ಅದನ್ನು 3 ವೋಲ್ಟ್‌ಗೆ ಬಸಿಯುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಬಸಿಯುತ್ತದೆ. ಸೆಕೆಂಡಿಗೆ ಸುಮಾರು 262 ಬಾರಿ. ಪೇಟಿಯ ನಡುಸಪ್ತಕದ ಬಿಳಿ ಒಂದರ ಷಡ್ಜ ಅದೇ. ಆದರೆ ಕೆಪಾಸಿಟರ್ ಶೇ 10ರಷ್ಟು ಹೆಚ್ಚುಕಮ್ಮಿ ಇದ್ದರೂ ಶ್ರುತಿ ಒಂದೂವರೆ ಸ್ವರಸ್ಥಾನಕ್ಕಿಂತ ಹೆಚ್ಚು ಜಾರಿಬಿಡುತ್ತದೆ. ಹಾಗಾಗಿ 27 ಕಿಲೋ ಓಮ್ ತೆಗೆದು ಅಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಮತ್ತು 100 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್ ಹಾಕಿ, ಕಿವಿಯಿಂದಲೇ ಶ್ರುತಿ ಸೇರಿಸುವುದು ಲೇಸು. ಸಂಗ್ಯಾ ಬಾಳ್ಯಾ ಸಣ್ಣಾಟದ ಸೀಮೆಯಲ್ಲಿ ಪೇಟಿಗೇನು ಬರವೇ?

ತಿರುವುವಾಗ ಒಂದು ಸೊಟ್ಟತನ ಗೊತ್ತಾಗುತ್ತದೆ. ಷಡ್ಜದಿಂದ ಒಂದು ಸಪ್ತಕ ಮೇಲೇರಲು 14 ಕಿಲೋ ಓಮ್ ಇಳಿಸಿದರೆ ಸಾಕು. ಕೆಳಗಿನ ಸಪ್ತಕಕ್ಕೆ 27 ಕಿಲೋ ಓಮ್‌ಗೂ ಹೆಚ್ಚು ಏರಿಸಬೇಕು. ಅಮೆರಿಕದ ರಾಬರ್ಟ್ ಮೂಗ್ 1964ರ ಸುಮಾರಿಗೆ ಕಟ್ಟಿದ ಸಿಂಥಸೈಜರ್ ಈ ತೊಡಕನ್ನೇ ಬಗೆಹರಿಸಿತು: ಪ್ರತಿ ಒಂದು ವೋಲ್ಟ್‌ಗೆ ಸರಿಯಾಗಿ ಒಂದು ಸಪ್ತಕ. ನಮ್ಮಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ರಾಗ ನುಡಿಸುವ ಯಂತ್ರಕ್ಕಿಂತ ಶ್ರುತಿ ಹಿಡಿಯುವ ಯಂತ್ರವೇ ನಮ್ಮ ಗಾಯಕರಿಗೆ ಹೆಚ್ಚು ಬೇಕಾಗಿತ್ತು ಅನ್ನುವುದು ನನ್ನ ಎಣಿಕೆ.

ಮುಂದಿನ ಹೆಜ್ಜೆ 5ನೇ ಕಾಲು. ಇಂಥದ್ದೇ ಎರಡನೆಯ ಸರ್ಕೀಟಿನಲ್ಲಿ 0.1ರ ಬದಲು 10 ಮೈಕ್ರೊಫ್ಯಾರಡ್ ಹಾಕಿ, ಅದರ 3ನೇ ಕಾಲನ್ನು 10 ಕಿಲೋ ಓಮ್ ಮೂಲಕ ಮೊದಲಿನದರ 5ಕ್ಕೆ ಕೊಡಿ. ಸ್ವರ ಎರಡು ಸ್ಥಾನಗಳ ನಡುವೆ ಜಿಗಿಯತೊಡಗುತ್ತದೆ. ಇಲ್ಲಿ ವೋಲ್ಟ್ ಏರಿದಾಗ ಸ್ವರ ಇಳಿಯುತ್ತದೆ. ವೈರಿಂಗ್ ತಪ್ಪಿತೆಂದು ಬಿಚ್ಚಲು ಹೋಗಬೇಡಿ.